ಲಾಭಾಂಶ ಘೋಷಣೆಯಾಗಿದೆ, ಚಪ್ಪಾಳೆ!

ನಮ್ಮೂರ ಸೊಸೈಟಿಯ ವಾರ್ಷಿಕ ಮಹಾಸಭೆಗೆ ಒಮ್ಮೆ ಹೋಗಿಬಂದವರಿಗೆ ಲಾಭಾಂಶ ಎಂದರೇನೆಂದು ಯಾವ ಅರ್ಥಶಾಸ್ತ್ರಜ್ಞನೂ ಹೇಳಿಕೊಡಬೇಕಾಗಿಲ್ಲ. ಮೊದಲು ಶಿರಾ, ಉಪ್ಪಿಟ್ಟು. ಆಮೇಲೆ ಪ್ರಾರ್ಥನೆ, ಸ್ವಾಗತ. ಕೊನೆಗೆ ಅಧ್ಯಕ್ಷರು ಕನ್ನಡಕ ಏರಿಸಿಕೊಂಡು "ಈ ಸಾಲಿಗೆ ಸದಸ್ಯರಿಗೆ ಶೇಕಡಾ 8 ಲಾಭಾಂಶ" ಎಂದು ಓದುತ್ತಾರೆ. ಚಪ್ಪಾಳೆ. ನನ್ನ ಷೇರು ಐನೂರು ರೂಪಾಯಿಯದು, ಲೆಕ್ಕಕ್ಕೆ ನಲವತ್ತು ರೂಪಾಯಿ ಬರಬೇಕು. ಚಪ್ಪಾಳೆ ನಿಲ್ಲುವಷ್ಟರಲ್ಲಿ ಕಾರ್ಯದರ್ಶಿ ಎದ್ದು, ಸದರಿ ಮೊತ್ತವನ್ನು ಸದಸ್ಯರ ಪರವಾಗಿ ಕಟ್ಟಡ ನಿಧಿಗೆ ಜಮಾ ಮಾಡಿಕೊಳ್ಳಲಾಗಿದೆ ಎನ್ನುತ್ತಾನೆ. ಅದಕ್ಕೂ ಚಪ್ಪಾಳೆ. ಕಟ್ಟಡ ಇನ್ನೂ ಎದ್ದಿಲ್ಲ. ಶಿರಾ ಮಾತ್ರ ಪ್ರತಿ ವರ್ಷವೂ ಚೆನ್ನಾಗಿರುತ್ತದೆ.

ಭಾರತ ಎಂಬ ದೊಡ್ಡ ಸೊಸೈಟಿಯಲ್ಲೂ ಕಳೆದ ಇಪ್ಪತ್ತು ವರ್ಷಗಳಿಂದ ಹೀಗೊಂದು ಘೋಷಣೆ ನಡೆಯುತ್ತಲೇ ಇದೆ. ಅದರ ಹೆಸರು ಜನಸಂಖ್ಯಾ ಲಾಭಾಂಶ. ಕೆಂಪು ಕೋಟೆಯಿಂದ ಹಿಡಿದು ತಾಲೂಕು ಮಟ್ಟದ ಯುವಜನೋತ್ಸವದ ಉದ್ಘಾಟನೆಯವರೆಗೆ ಈ ಪದ ಬಾರದ ಭಾಷಣವಿಲ್ಲ. ನಮ್ಮದು ತರುಣರ ದೇಶ, ದುಡಿಯುವ ವಯಸ್ಸಿನವರ ದೇಶ, ಜಗತ್ತು ಮುದಿಯಾಗುತ್ತಿದೆ, ನಾವು ಮಾತ್ರ ಹರೆಯದಲ್ಲಿದ್ದೇವೆ. ಇದನ್ನು ಹೇಳುವವರ ವಯಸ್ಸು ಸಾಮಾನ್ಯವಾಗಿ ಎಪ್ಪತ್ತರ ಮೇಲಿರುತ್ತದೆ.

ಸಿದ್ಧಾಂತದಲ್ಲಿ ಹುಳುಕಿಲ್ಲ. ಹೆರಿಗೆ ಕಡಿಮೆಯಾದ ದೇಶದಲ್ಲಿ ತೊಟ್ಟಿಲ ಮಕ್ಕಳು ಕಡಿಮೆಯಾಗುತ್ತಾರೆ, ಮುದುಕರಿನ್ನೂ ಹೆಚ್ಚಿರುವುದಿಲ್ಲ, ನಡುವಿನ ವಯಸ್ಸಿನವರ ಪಾಲು ಏರುತ್ತದೆ. ತಿನ್ನುವ ಬಾಯಿ ಕಡಿಮೆ, ದುಡಿಯುವ ಕೈ ಹೆಚ್ಚು. 1960ರ ದಶಕದಲ್ಲಿ ನಮ್ಮಲ್ಲಿ ದುಡಿಯುವ ವಯಸ್ಸಿನ ನೂರು ಜನರ ಹೆಗಲ ಮೇಲೆ ಎಂಬತ್ತರ ಸಮೀಪ ಅವಲಂಬಿತರಿದ್ದರು, ಈಗ ಐವತ್ತಕ್ಕೂ ಕಡಿಮೆ. ಉಳಿದ ದುಡ್ಡು ಶಾಲೆಗೆ, ಕಾರ್ಖಾನೆಗೆ, ಉಳಿತಾಯಕ್ಕೆ ಹೋದರೆ ದೇಶ ಏಳುತ್ತದೆ. ದಕ್ಷಿಣ ಕೊರಿಯಾ, ತೈವಾನ್ ಹಾಗೆಯೇ ಎದ್ದವು. ಅರ್ಥಶಾಸ್ತ್ರಜ್ಞ ಡೇವಿಡ್ ಬ್ಲೂಮ್ ಮತ್ತು ಸಂಗಡಿಗರು ಪೂರ್ವ ಏಷ್ಯಾದ ಆ ಏಳಿಗೆ ನೋಡಿಯೇ ಈ ಲೆಕ್ಕವನ್ನು ಜಗತ್ತಿಗೆ ವಿವರಿಸಿದ್ದು. ಅವರು ಒಂದು ಷರತ್ತನ್ನೂ ಸೇರಿಸಿದ್ದರು: ಶಿಕ್ಷಣ, ಆರೋಗ್ಯ, ಕೆಲಸ ಮೂರೂ ಇದ್ದರೆ ಮಾತ್ರ. ನಮ್ಮ ಭಾಷಣ ಬರೆಯುವವರು ಷರತ್ತಿನ ಪುಟ ತಲುಪುವ ಮೊದಲೇ ಪುಸ್ತಕ ಮುಚ್ಚಿಟ್ಟರು.

ಈ ದೇಶದಲ್ಲಿ ಜನ ಎಂದರೆ ಹೊರೆ ಎಂಬ ಕಾಲವೊಂದಿತ್ತು. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. 1952ರಲ್ಲಿ ಇಡೀ ದೇಶಕ್ಕೆ ಕುಟುಂಬ ಯೋಜನೆ ಬಂತು. ನಮ್ಮ ತಲೆಮಾರು ಅಕ್ಷರ ಕಲಿತದ್ದೇ ಬಸ್ ನಿಲ್ದಾಣದ ಗೋಡೆಯ ಕೆಂಪು ತ್ರಿಕೋನದ ಕೆಳಗೆ. ನಾವಿಬ್ಬರು ನಮಗಿಬ್ಬರು, ಆರತಿಗೊಬ್ಬಳು ಕೀರ್ತಿಗೊಬ್ಬ. ತುರ್ತು ಪರಿಸ್ಥಿತಿಯಲ್ಲಿ ಗೋಡೆಬರಹ ಸಾಲದೆಂದು ಗಂಡಸರನ್ನು ಹಿಡಿದುಕೊಂಡು ಹೋಗಿ ಆಪರೇಶನ್ ಮಾಡಿ ಕಳಿಸಿದರು. ನಾಲ್ಕನೆಯ ಮಗುವಾಗಿ ಹುಟ್ಟಿದ ನನ್ನಂಥವರು ರಾಷ್ಟ್ರದ್ರೋಹ ಮಾಡಿದ ಮುಖ ಹೊತ್ತು ಬೆಳೆದೆವು. ಆಮೇಲೆ ಒಂದು ದಿನ ಬೆಳಗಾಗುವಷ್ಟರಲ್ಲಿ ಹೊರೆ ಸಂಪತ್ತಾಯಿತು. 2023ರಲ್ಲಿ ವಿಶ್ವಸಂಸ್ಥೆಯ ಅಂದಾಜಿನಂತೆ 142 ಕೋಟಿ ದಾಟಿ ಚೀನಾವನ್ನು ಹಿಂದಿಕ್ಕಿದಾಗ ಟಿವಿಯವರು ಕ್ರಿಕೆಟ್ ಗೆದ್ದ ಹಾಗೆ ಕೂಗಿದರು. ಗೋಡೆಯ ತ್ರಿಕೋನದ ಮೇಲೆ ಈಗ ಕೋಚಿಂಗ್ ಸೆಂಟರಿನ ಪೋಸ್ಟರ್ ಅಂಟಿದೆ.

ಕೋಚಿಂಗ್ ಎಂದೊಡನೆ ಧಾರವಾಡ. ನನ್ನ ಅಕ್ಕನ ಮಗ ಅಲ್ಲಿ ಲಾಭಾಂಶವಾಗಿ ಇದ್ದಾನೆ. ಹೋದ ತಿಂಗಳು ಯಾವುದೋ ಕೆಲಸಕ್ಕೆ ಹೋದವನು ಸಪ್ತಾಪುರಕ್ಕೂ ಹೋಗಿ ಅವನನ್ನು ನೋಡಿಕೊಂಡು ಬಂದೆ. ಮೂರು ಮಹಡಿಯ ಮನೆ. ಕೆಳಗೆ ಮಾಲೀಕರು, ನಡುವೆ ಕಾಟ್ ಲೆಕ್ಕದಲ್ಲಿ ಹುಡುಗರು, ಮೇಲೆ ತಗಡಿನ ಮಾಡಿನಡಿ ರೀಡಿಂಗ್ ರೂಮು. ಒಳಗೆ ಪ್ಲೈವುಡ್ಡಿನ ಗೂಡುಗಳು. ಗೂಡಿಗೊಂದು ಕುರ್ಚಿ, ಒಂದು ಬಲ್ಬು, ಮೊಬೈಲ್ ಚಾರ್ಜಿಗೊಂದು ಪ್ಲಗ್ಗು, ಒಬ್ಬ ಪದವೀಧರ. ಅರವತ್ತು ಗೂಡು. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಪ್ರತಿ ಗೂಡಿನ ಗೋಡೆಗೂ ಭಾರತದ ನಕ್ಷೆ, ಸಂವಿಧಾನದ ವಿಧಿಗಳ ಪಟ್ಟಿ. ಅಳಿಯನ ಗೂಡಿನಲ್ಲಿ ಹೆಚ್ಚಿಗೆ ಒಂದು ಚೀಟಿ, ಅದರ ಮೇಲೆ ಅವನದೇ ಅಕ್ಷರದಲ್ಲಿ 'ಈ ವರ್ಷ ಕೊನೆ'. ಚೀಟಿಯ ಸೆಲ್ಲೋಟೇಪು ಹಳದಿಯಾಗಿತ್ತು.

ಹೊರಗೆ ಕರೆದು ಮಿರ್ಚಿ ಕೊಡಿಸಿದೆ.

"ಏನ್ ಓದಾಕತ್ತೀಯಪಾ ಈಗ?"

"ಎಲ್ಲಾ ಓದಾಕತ್ತೇನ್ರಿ ಮಾಮಾ. ಪಿಎಸ್‌ಐ, ಪಿಡಿಒ, ಎಫ್‌ಡಿಎ, ಕೆಎಎಸ್, ರೈಲ್ವೆ. ಯಾವುದು ಕರೀತಾರೋ ಅದು."

"ಕರದಾರೇನು?"

"ಕರೀತಾರ್ರಿ. ಕರದು ರದ್ದು ಮಾಡ್ತಾರ. ಮತ್ತ ಕರೀತಾರ."

ಅವನು ಉತ್ಪ್ರೇಕ್ಷೆ ಮಾಡುತ್ತಿರಲಿಲ್ಲ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು, ಐವತ್ನಾಲ್ಕು ಸಾವಿರ ಜನ ಬರೆದರು. ಅಕ್ರಮ ಬಯಲಾಗಿ, ನೇಮಕಾತಿಯ ಉಸ್ತುವಾರಿ ಹೊತ್ತ ಹಿರಿಯ ಪೊಲೀಸ್ ಅಧಿಕಾರಿಯೇ ಬಂಧನಕ್ಕೊಳಗಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಕಳ್ಳರನ್ನು ಹಿಡಿಯುವ ಕೆಲಸಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಅದರಲ್ಲೇ ಮುಗಿದುಹೋಯಿತು ಎನ್ನಬೇಕು. ಆಮೇಲೆ 384 ಕೆಎಎಸ್ ಹುದ್ದೆ. 2024ರ ಆಗಸ್ಟ್‌ನ ಪ್ರಶ್ನೆಪತ್ರಿಕೆ ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ದಾರಿಯಲ್ಲಿ ಅರ್ಥವನ್ನೆಲ್ಲ ಚೆಲ್ಲಿಕೊಂಡು ಬಂದಿತ್ತು. ಕರ್ನಾಟಕದ ಆಡಳಿತ ಸೇವೆಗೆ ಕನ್ನಡದಲ್ಲಿ ಬರೆಯ ಹೊರಟವನು ಮೊದಲು ಪ್ರಶ್ನೆಯನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿಕೊಂಡು ಅರ್ಥ ಮಾಡಿಕೊಳ್ಳಬೇಕಾಯಿತು. ಗಲಾಟೆಯಾಯಿತು, ಡಿಸೆಂಬರ್ 29ಕ್ಕೆ ಮರುಪರೀಕ್ಷೆಯಾಯಿತು, ಅದರಲ್ಲೂ ತಪ್ಪುಗಳಿದ್ದವು. ಈ ಒಂದು ವಿಷಯದಲ್ಲಿ ಮಾತ್ರ ನಮ್ಮವರು ಸ್ಥಿರತೆ ಕಾಯ್ದುಕೊಂಡಿದ್ದಾರೆ.

ದಿಲ್ಲಿಯ ಲೆಕ್ಕ ಇನ್ನೂ ಭರ್ಜರಿ. 2014ರಿಂದ 2022ರವರೆಗೆ ಕೇಂದ್ರ ಸರ್ಕಾರದ ಕೆಲಸಕ್ಕೆ ಬಂದ ಅರ್ಜಿ 22.05 ಕೋಟಿ, ನೇಮಕಕ್ಕೆ ಶಿಫಾರಸಾದವರು 7.22 ಲಕ್ಷ. ಲೋಕಸಭೆಯಲ್ಲಿ ಸರ್ಕಾರವೇ ಕೊಟ್ಟ ಉತ್ತರ ಇದು. ಮುನ್ನೂರು ಅರ್ಜಿಗೆ ಒಂದು ನೌಕರಿ. 2019ರಲ್ಲಿ ರೈಲ್ವೆಯ ಗ್ರೂಪ್ ಡಿಯ ಒಂದು ಲಕ್ಷದಷ್ಟು ಹುದ್ದೆಗೆ ಕೋಟಿಗೂ ಮೀರಿ ಅರ್ಜಿ ಬಂದವು. ಗ್ರೂಪ್ ಡಿ ಎಂದರೆ ಹಳಿ ನೋಡಿಕೊಳ್ಳುವ, ಸರಕು ಎತ್ತುವ ಕೆಲಸ. ಅದಕ್ಕೂ ಮೊದಲು, 2015ರಲ್ಲಿ, ಉತ್ತರ ಪ್ರದೇಶದ ಸಚಿವಾಲಯದಲ್ಲಿ 368 ಜವಾನರು ಬೇಕಾಗಿದ್ದರು, 23 ಲಕ್ಷ ಜನ ಅರ್ಜಿ ಹಾಕಿದರು. ಅವರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಪಿಎಚ್‌.ಡಿ. ಮಾಡಿದವರು. ಬಾಗಿಲು ತೆರೆಯುವುದಕ್ಕೂ ಮಹಾಪ್ರಬಂಧ ಬೇಕು ಎಂದು ಇನ್ನೂ ಯಾರೂ ಕಡ್ಡಾಯ ಮಾಡಿಲ್ಲ, ಅಷ್ಟು ಸಮಾಧಾನ.

ಹಾಗೆಂದು ಲಾಭಾಂಶ ಯಾರಿಗೂ ಸಿಕ್ಕಿಲ್ಲ ಎಂದರೆ ಪಾಪ ಬರುತ್ತದೆ. ಸಪ್ತಾಪುರದಲ್ಲಿ ಕಣ್ಣಾರೆ ನೋಡಿದ್ದೇನೆ. ಕಾಟ್ ಬಾಡಿಗೆಯಲ್ಲಿ ಮಾಲೀಕರು ಮೂರನೆಯ ಮಹಡಿ ಎಬ್ಬಿಸಿದ್ದಾರೆ. ಮೆಸ್ಸಿನ ಬಾಯಿ ಎರಡನೆಯ ಮೆಸ್ ತೆರೆದಿದ್ದಾರೆ. ಝೆರಾಕ್ಸ್ ಅಂಗಡಿಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು ಸೇರಿನ ಲೆಕ್ಕದಲ್ಲಿ ಹೋಗುತ್ತವೆ. ಪ್ರತಿ ಅರ್ಜಿಯ ಜೊತೆ ಶುಲ್ಕ ಹೋಗುತ್ತದೆ, ಪರೀಕ್ಷೆ ರದ್ದಾದರೂ ಬಸ್ ಚಾರ್ಜು ವಾಪಸು ಬರುವುದಿಲ್ಲ. ಇಡೀ ಬೀದಿಯಲ್ಲಿ ಕೆಲಸವಿಲ್ಲದವರು ಎಂದರೆ ಕೆಲಸಕ್ಕಾಗಿ ಓದುತ್ತಿರುವವರು ಮಾತ್ರ. ಸಂಜೆ ಹೊತ್ತು ಪಕೋಡಾ ಮಾರಿ ಇನ್ನೂರು ರೂಪಾಯಿ ಮನೆಗೆ ಒಯ್ಯುವವನದು ಉದ್ಯೋಗವೋ ಅಲ್ಲವೋ ಎಂದು ಪ್ರಧಾನಿಯವರು 2018ರಲ್ಲಿ ಟಿವಿ ಸಂದರ್ಶನವೊಂದರಲ್ಲಿ ಕೇಳಿದಾಗ ಊರೆಲ್ಲ ನಕ್ಕಿತ್ತು. ನಗಬಾರದಿತ್ತು. ನಮಗೆ ಮಿರ್ಚಿ ಕರಿದುಕೊಟ್ಟವನು ಏಳನೇ ಇಯತ್ತೆ ಓದಿದವನು, ಅವನ ಮಗ್ಗುಲಲ್ಲಿ ನಿಂತು ಪೇಪರಿನಲ್ಲಿ ಎಣ್ಣೆ ಒತ್ತುತ್ತಿದ್ದ ನನ್ನ ಅಳಿಯ ಎಂ.ಎ. ಯಾರ ಸಾಲ ಯಾರ ವಹಿಯಲ್ಲಿತ್ತು ಎಂದು ಹೇಳಿ ಅಳಿಯನ ಮರ್ಯಾದೆ ತೆಗೆಯುವುದಿಲ್ಲ.

ರಾಜ್ಯ ಸರ್ಕಾರದ ಯುವನಿಧಿ ಇತ್ತಲ್ಲ ಎನ್ನುತ್ತೀರಿ. ಕೆಲಸ ಸಿಗದ ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವನಿಗೆ 1,500, ಎರಡು ವರ್ಷದವರೆಗೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಸಿಕ್ಕಿತು. ಆದರೆ ಅದು 2022–23ರಿಂದ ಈಚೆಗೆ ಪಾಸಾದವರಿಗೆ. ನನ್ನ ಅಳಿಯ ಮೊದಲ ಪ್ರಯತ್ನದಲ್ಲೇ, ಮೊದಲೇ ಪಾಸಾಗಿ ತಪ್ಪು ಮಾಡಿದ್ದ. ನಾಲ್ಕು ಸಲ ನಪಾಸಾಗಿದ್ದ ಅವನ ಗೆಳೆಯನಿಗೆ ಸಿಕ್ಕಿತು.

ಇನ್ನು ಎಣಿಕೆಯ ವಿದ್ಯೆ. ಅಂಕಿಅಂಶದವರ ಕಣ್ಣಿನಲ್ಲಿ ನಿರುದ್ಯೋಗಿಯಾಗುವುದು ಅಷ್ಟು ಸುಲಭವಲ್ಲ. ಸರ್ಕಾರದ ಕಾರ್ಮಿಕ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ನೀವು ಉದ್ಯೋಗಿ. ಊರಿಗೆ ಬಂದಾಗ ಒಂದು ತಾಸು ಅಪ್ಪನ ಹೊಲದಲ್ಲಿ ನೀರು ಹಾಯಿಸಿದರೆ ಆ ವಾರ ಅಳಿಯನೂ ದೇಶ ಕಟ್ಟಿದವನೇ. ಸಮೀಕ್ಷೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಕೇತ ಸಂಖ್ಯೆ ಇರುತ್ತದೆ. ಮನೆಗೆಲಸ ಮಾತ್ರ ಮಾಡುವ ಹೆಂಗಸು 92. ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ಕೈಜೋಡಿಸುವವಳು 21. 92 ಎಂದರೆ ದುಡಿಯುವವರ ಲೆಕ್ಕದಿಂದ ಹೊರಗೆ, 21 ಎಂದರೆ ಒಳಗೆ.

ನನ್ನ ಅಕ್ಕನಿಗೆ ಎರಡು ಎಮ್ಮೆ. ಬೆಳಗಿನ ಐದಕ್ಕೆ ಎದ್ದು ಸಗಣಿ ಬಳಿದು, ಹಿಂಡಿ ಇಟ್ಟು, ಹಾಲು ಕರೆದು ಡೇರಿಗೆ ಹಾಕುತ್ತಾಳೆ. ಡೇರಿಯ ಖಾತೆ ಭಾವನ ಹೆಸರಲ್ಲಿದೆ. ಮೂವತ್ತು ವರ್ಷಗಳಿಂದ ಹೀಗೇ. ಬಂದವರು "ನೀವು ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರೆ "ಮನ್ಯಾಗ ಇರ್ತೀನ್ರಿ" ಎನ್ನುತ್ತಾಳೆ. ಬರೆದುಕೊಳ್ಳುವವರು 92 ಎಂದು ಬರೆದು ಹೋಗುತ್ತಾರೆ. ಇನ್ನೊಬ್ಬರು ಬಂದು "ಎಮ್ಮೆ ಯಾರು ನೋಡ್ಕೋತಾರ?" ಎಂದು ಕೇಳಿದರೆ 21. ಅದೇ ಅಕ್ಕ, ಅದೇ ಎಮ್ಮೆ, ಅದೇ ಸಗಣಿ. ದೇಶದಲ್ಲಿ ದುಡಿಮೆಗೆ ಇಳಿದ ಹೆಂಗಸರ ಪ್ರಮಾಣ 2017–18ರಲ್ಲಿ ಶೇ. 23.3 ಇದ್ದದ್ದು 2023–24ಕ್ಕೆ ಶೇ. 41.7ಕ್ಕೆ ಏರಿದೆ ಎಂದು ಪತ್ರಿಕೆಗಳಲ್ಲಿ ಓದಿದಾಗ ನನಗೆ ಮೊದಲು ನೆನಪಾದದ್ದು ಈ ಎಮ್ಮೆಗಳು. ಏರಿಕೆಯ ದೊಡ್ಡ ಪಾಲು ಸ್ವಂತ ಕಸುಬು ಮತ್ತು ಸಂಬಳವಿಲ್ಲದ ಕೈಜೋಡಣೆಯಿಂದ ಬಂದದ್ದು. ಅಕ್ಕನಿಗೆ ಫೋನು ಮಾಡಿ, ನಿನಗೆ ಬಡ್ತಿ ಸಿಕ್ಕಿದೆ ಎಂದೆ. "ಪಗಾರ ಎಷ್ಟಂತ, ತಮ್ಮಾ?" ಎಂದು ಕೇಳಿದಳು.

ಈ ಎಣಿಕೆಯ ಕಸರತ್ತಿನಲ್ಲೂ ಬಚ್ಚಿಡಲಾಗದ್ದು ಒಂದಿದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಭಾರತದ ಉದ್ಯೋಗ ವರದಿಯ ಪ್ರಕಾರ ನಿರುದ್ಯೋಗಿಗಳಲ್ಲಿ ಶೇ. 83 ಮಂದಿ ಯುವಜನರು. ನಿರುದ್ಯೋಗಿಗಳಲ್ಲಿ ಓದಿದ ಯುವಕ ಯುವತಿಯರ ಪಾಲು 2000ದಲ್ಲಿ ಶೇ. 54.2 ಇದ್ದದ್ದು 2022ಕ್ಕೆ ಶೇ. 65.7. ಅಂದರೆ ಲಾಭಾಂಶ ಎಂದು ಯಾರನ್ನು ಕರೆಯುತ್ತೇವೋ ಅವರೇ ನಷ್ಟದ ಪಟ್ಟಿಯಲ್ಲೂ ಮೊದಲಿಗರು. ಚೀನಾದವರು ಇಂಥ ಕಡೆ ಜಾಣರು. 2023ರ ಜೂನ್‌ನಲ್ಲಿ ಅಲ್ಲಿಯ ಯುವ ನಿರುದ್ಯೋಗ ಶೇ. 21.3 ಮುಟ್ಟಿದ್ದೇ ತಡ, ಆ ಅಂಕಿಯನ್ನು ಪ್ರಕಟಿಸುವುದನ್ನೇ ಕೆಲವು ತಿಂಗಳು ನಿಲ್ಲಿಸಿಬಿಟ್ಟರು. ಜ್ವರ ಬಂದಾಗ ಥರ್ಮಾಮೀಟರನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಚಿಕಿತ್ಸೆ. ನಾವು ಒಂದು ಹೆಜ್ಜೆ ಮುಂದೆ: ಹತ್ತು ವರ್ಷಕ್ಕೊಮ್ಮೆ ಬರಬೇಕಾದ ಜನಗಣತಿಯನ್ನೇ ಮುಂದೂಡಿ ಕೂತೆವು.

ಇತ್ತ ಧಾರವಾಡದಲ್ಲಿ ಹುಡುಗನಿಗೆ ವಾರಕ್ಕೆ ಒಂದು ಗಂಟೆಯ ಕೆಲಸ ಸಿಗದಿದ್ದರೆ, ಅತ್ತ ಬೆಂಗಳೂರಿನಿಂದ ನಾರಾಯಣಮೂರ್ತಿಯವರು ತರುಣರು ವಾರಕ್ಕೆ 70 ಗಂಟೆ ದುಡಿಯಲಿ ಎಂದರು. 2025ರ ಜನವರಿಯಲ್ಲಿ ಇನ್ನೊಂದು ಭಾರಿ ಕಂಪನಿಯ ಮುಖ್ಯಸ್ಥರ 90 ಗಂಟೆಯ ಮಾತು ಹೊರಬಿತ್ತು. ನನಗೆ ಇದರಲ್ಲಿ ದೋಷ ಕಾಣುವುದಿಲ್ಲ. ಒಬ್ಬ 90 ಗಂಟೆ, ಇನ್ನೊಬ್ಬ ಸೊನ್ನೆ, ಸರಾಸರಿ 45. ಕಾರ್ಖಾನೆಗಳಿಗೆ ಕಾನೂನು ಹಾಕಿದ ಮಿತಿ 48. ಭಾರತದ ಯುವಕ ಸರಾಸರಿಯಲ್ಲಿ ಕಾನೂನುಬದ್ಧವಾಗಿಯೇ ದುಡಿಯುತ್ತಿದ್ದಾನೆ. ತೊಂಬತ್ತನ್ನು ಒಡೆದು ಇಬ್ಬರಿಗೆ ಕೊಡಬಹುದಲ್ಲ ಎಂದು ಕೇಳುವವನು ಅರ್ಥಶಾಸ್ತ್ರ ಓದದ ದಡ್ಡ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಏಕೆಂದರೆ ಈ ಎಣ್ಣೆ ಕಾಯುವುದಿಲ್ಲ. 2018–19ರ ಆರ್ಥಿಕ ಸಮೀಕ್ಷೆಯ ಲೆಕ್ಕದಲ್ಲಿ 20ರಿಂದ 59 ವಯಸ್ಸಿನವರ ಪಾಲು 2041ರ ಸುಮಾರಿಗೆ ಶೇ. 59 ಮುಟ್ಟುತ್ತದೆ, ಆಮೇಲೆ ಇಳಿತ. ಅದೂ ಇಡೀ ದೇಶದ ಲೆಕ್ಕ. ನಮ್ಮ ಕರ್ನಾಟಕದ ಹರೆಯ ಅಷ್ಟು ದಿನ ಇರುವುದಿಲ್ಲ. ಒಂದು ತಲೆಮಾರು ತನ್ನ ಜಾಗ ತಾನೇ ತುಂಬಿಕೊಳ್ಳಬೇಕಾದರೆ ಹೆಣ್ಣೊಬ್ಬಳಿಗೆ ಸರಾಸರಿ 2.1 ಮಕ್ಕಳು ಬೇಕು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ್ದು 1.7, ಬಿಹಾರದ್ದು 3.0. ಬೆಂಗಳೂರಿನ ದರ್ಶಿನಿಗಳಲ್ಲಿ ದೋಸೆ ಹುಯ್ಯುವವನ ಹಿಂದಿ, ಕೊಡಗಿನ ಕಾಫಿ ತೋಟಗಳಲ್ಲಿ ಅಸ್ಸಾಮಿನ ಮಾತು ಕೇಳಿ ಸಿಟ್ಟಾಗುವವರು ಸ್ವಲ್ಪ ಈ ಎರಡು ಅಂಕಿಗಳನ್ನೂ ನೋಡಬೇಕು. ಅಲ್ಲಿಯವರ ಲಾಭಾಂಶ ಇಲ್ಲಿ ಎಲೆ ಎತ್ತುತ್ತಿದೆ, ಇಲ್ಲಿಯದು ಗೂಡಿನಲ್ಲಿ ಕೂತು ಸಂವಿಧಾನ ಬಾಯಿಪಾಠ ಮಾಡುತ್ತಿದೆ.

ದಕ್ಷಿಣದ ನಾಯಕರಿಗೆ ತಡವಾಗಿ ಎಚ್ಚರವಾಗಿದೆ. 2024ರಲ್ಲಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳನ್ನು ಹೆರಿ ಎಂದರು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಚುನಾವಣೆಗೆ ನಿಲ್ಲಬಾರದೆಂಬ ಕಟ್ಟಳೆಯನ್ನು ಅದೇ ನವೆಂಬರ್‌ನಲ್ಲಿ ತೆಗೆಸಿದರು. ಸ್ಟಾಲಿನ್ ಅವರು ಸಾಮೂಹಿಕ ವಿವಾಹದ ವೇದಿಕೆಯಲ್ಲಿ ನಿಂತು, ಹದಿನಾರು ಮಕ್ಕಳನ್ನೇ ಯಾಕೆ ಹೆರಬಾರದು ಎಂದು ಕೇಳಿದರು. ಚಿಂತೆ ಮಕ್ಕಳದ್ದಲ್ಲ, ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಕಳೆದುಹೋಗುವ ಲೋಕಸಭಾ ಸೀಟುಗಳದ್ದು. ಹೇಳಿದಂತೆ ಕೇಳಿ ಕಡಿಮೆ ಹೆತ್ತ ರಾಜ್ಯಗಳಿಗೆ ಶಿಕ್ಷೆ ಎನ್ನುವ ಸಂಕಟದಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಸ್ವಾಮಿ, ಹದಿನಾರಕ್ಕೆ ಮೊದಲು ಒಂದು ಲಗ್ನವಾಗಬೇಕಲ್ಲ? 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯಿಂದ ಒಂದು ಗುಂಪು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಿತು. ಮೂವತ್ತು ದಾಟಿದ ರೈತರ ಮಕ್ಕಳು, ಹೆಣ್ಣು ಸಿಗದೆ ಮಾದಪ್ಪನ ಮೊರೆ ಹೊಕ್ಕವರು. ಹೊಲವಿದೆ, ಮನೆಯಿದೆ, ನೌಕರಿ ಇಲ್ಲ. ಅಂಕಿಅಂಶದವರು ಇವರನ್ನೂ ದುಡಿಯುವ ವಯಸ್ಸಿನ ಸಂಪತ್ತಿಗೇ ಸೇರಿಸಿದ್ದಾರೆ. ಅಕ್ಕ ಮಗನಿಗೆ ಹೆಣ್ಣು ನೋಡುವುದನ್ನು ಎರಡು ವರ್ಷದ ಹಿಂದೆಯೇ ನಿಲ್ಲಿಸಿದ್ದಾಳೆ. ಹೆಣ್ಣಿನ ಕಡೆಯವರು ಕೇಳುವುದು ಒಂದೇ ಪ್ರಶ್ನೆ: ನೌಕರಿ ಹತ್ತೇತೇನು?

ಯಯಾತಿ ನೆನಪಾಗುತ್ತಾನೆ. ಮಗ ಪೂರುವಿನಿಂದ ಯೌವನ ಇಸಿದುಕೊಂಡು ಸಾವಿರ ವರ್ಷ ಅನುಭವಿಸಿದವನು ಕೊನೆಗೆ ನಾಚಿಕೊಂಡು ಅದನ್ನು ಹಿಂದಿರುಗಿಸಿದ, ಜೊತೆಗೆ ರಾಜ್ಯವನ್ನೂ ಕೊಟ್ಟ. ನಮ್ಮ ಲೋಕಸಭೆಯ ಸದಸ್ಯರ ಸರಾಸರಿ ವಯಸ್ಸು 56, ದೇಶದ ಅರ್ಧ ಜನ ಇಪ್ಪತ್ತೆಂಟರ ಆಸುಪಾಸಿಗಿಂತ ಕೆಳಗೆ. ಹಿಂದಿರುಗಿಸುವ ಮಾತು ಎಲ್ಲೂ ಕೇಳಿಲ್ಲ. ಬದಲಿಗೆ ಆಗಾಗ ಒಂದು ಆದೇಶ ಬರುತ್ತದೆ: ವಯೋಮಿತಿ ಸಡಿಲಿಕೆ. ಪರೀಕ್ಷೆ ನಡೆಸಲಾಗದ ಸರ್ಕಾರ ಹುಡುಗರಿಗೆ ಇನ್ನಷ್ಟು ವರ್ಷ ಯೌವನ ಮಂಜೂರು ಮಾಡುತ್ತದೆ. ಸಪ್ತಾಪುರದಲ್ಲಿ ಆ ದಿನ ಪಟಾಕಿ ಹೊಡೆಯುತ್ತಾರೆ, ಮನೆ ಮಾಲೀಕರೂ ಸೇರಿ.

ಮುಪ್ಪಿಗೂ ವ್ಯವಸ್ಥೆ ಇದೆ, ಗಾಬರಿ ಬೇಡ. ಬಡ ವೃದ್ಧರಿಗೆ ಅರವತ್ತರಿಂದ ಎಪ್ಪತ್ತೊಂಬತ್ತರವರೆಗೆ ಕೇಂದ್ರ ಕೊಡುವ ಪಿಂಚಣಿಯ ಪಾಲು ತಿಂಗಳಿಗೆ 200 ರೂಪಾಯಿ. ಹದಿನೈದು ವರ್ಷ ಮೀರಿದರೂ ಅದು ಕದಲಿಲ್ಲ. ಪಕೋಡಾದವನ ಒಂದು ಸಂಜೆಯ ಗಳಿಕೆ.

ಬಸ್ಸು ಹತ್ತುವ ಮೊದಲು ಅಳಿಯನ ಜೇಬಿಗೆ ಐನೂರು ತುರುಕಿದೆ. "ಬ್ಯಾಡ್ರಿ ಮಾಮಾ" ಎಂದ, ತೆಗೆದುಕೊಂಡ. ದಾರಿಯುದ್ದಕ್ಕೂ ಅವನ ವಯಸ್ಸಿನ ಲೆಕ್ಕ ಹಾಕುತ್ತ ಬಂದೆ. ಹುಟ್ಟಿದ್ದು 1996ರ ಜನವರಿ. ಈ ದೇಶ ಕೊನೆಯ ಸಲ ಜನಗಣತಿ ಮಾಡಿದ್ದು 2011ರಲ್ಲಿ, ಆಗ ಅವನಿಗೆ ಹದಿನೈದು ತುಂಬಿತ್ತು. ಸಂಖ್ಯಾಶಾಸ್ತ್ರದ ಪ್ರಕಾರ ಅವನು ದುಡಿಯುವ ವಯಸ್ಸಿಗೆ ಕಾಲಿಟ್ಟ ವರ್ಷವೇ ಅದು. ಮುಂದಿನ ಗಣತಿಯ ಲೆಕ್ಕ 2027ರ ಮಾರ್ಚ್ 1ಕ್ಕೆ, ಆಗ ಅವನಿಗೆ ಮೂವತ್ತೊಂದು. ಲಾಭಾಂಶ ಶಿಖರ ಮುಟ್ಟುವ 2041ಕ್ಕೆ ನಲವತ್ತೈದು.